ಭಕ್ತಪುರದ ಮಜ್ಜಿಗೆ

ಬೈಲಹೊಂಗಲ

ನೇಪಾಳಕ್ಕೆ ಹೋಗಿ ಬಂದವರೆಲ್ಲ ಹಿಮಾಲಯದ ಬಗ್ಗೆ ಹೇಳುತ್ತಾರೆ. ನನ್ನನ್ನು ಕೇಳಬೇಡಿ. ನಾನು ಹಿಮಾಲಯವನ್ನು ನೆಟ್ಟಗೆ ನೋಡಲೇ ಇಲ್ಲ. ಬಸ್ಸಿನಲ್ಲಿದ್ದವರೆಲ್ಲ ‘ಅಗೋ ಹಿಮ, ಅಗೋ ಹಿಮ’ ಎಂದು ಒಂದೇ ಕಡೆ ವಾಲಿದಾಗ ನಾನು ನಮ್ಮ ಮನೆಯವರ ಕಿಸೆ ನೋಡುತ್ತಿದ್ದೆ. ಕಿಸೆ ಉಬ್ಬಿತ್ತು. ಆಮೇಲೆ ತೆಗೆದು ನೋಡಿದರೆ ಉಣ್ಣೆಯ ಟೊಪ್ಪಿಗೆ. ಅಷ್ಟರಲ್ಲಿ ಹಿಮ ಮೋಡದೊಳಗೆ ಹೋಗಿತ್ತು.

ಸಂಶಯ ನನ್ನ ಹುಟ್ಟುಗುಣವಲ್ಲ. ಅರ್ಧ ನೌಕರಿ ಕೊಟ್ಟಿದ್ದು, ಅರ್ಧ ಗಂಡ ಕೊಟ್ಟಿದ್ದು. ಬೈಲಹೊಂಗಲದ ಸುತ್ತಮುತ್ತಲ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಪರೀಕ್ಷೆಯ ದಿನ ಚೀಟಿ ಅಂಗಿಯ ತೋಳಿನಲ್ಲಿದೆಯೋ ಕಾಲುಚೀಲದಲ್ಲಿದೆಯೋ ಎಂಬುದನ್ನು ಮಕ್ಕಳ ಮುಖ ನೋಡಿಯೇ ಹೇಳುತ್ತಿದ್ದೆ. ಮನೆಗೆ ಬಂದರೂ ಅದೇ ಕೆಲಸ. ನಮ್ಮ ಮನೆಯವರದು ಹತ್ತಿಯ ಅಡತಿ ಅಂಗಡಿ. ರೈತರು ತಂದ ಹತ್ತಿಯನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವ ದಂಧೆ. ಸುಗ್ಗಿಯಲ್ಲಿ ಸಂಜೆ ಅಂಗಡಿ ಮುಚ್ಚುವಾಗ ‘ಒಂದ ಗ್ಲಾಸ್’ ಎಂದು ಶುರುವಾದದ್ದು ಸುಗ್ಗಿ ಮುಗಿದರೂ ಮುಗಿಯಲಿಲ್ಲ. ಹತ್ತಿಯ ಗಂಟಿನೊಳಗಿಂದ, ನೀರಿನ ಟಾಕಿಯೊಳಗಿಂದ, ಒಮ್ಮೆಯಂತೂ ದೇವರ ಮನೆಯ ಎಣ್ಣೆ ಡಬ್ಬಿಯ ಹಿಂದಿನಿಂದ ನಾನು ಬಾಟಲಿ ಹೊರಗೆ ತೆಗೆದಿದ್ದೇನೆ.

ಹೋದ ದೀಪಾವಳಿಯಿಂದ ಮುಟ್ಟಿಲ್ಲ ಎಂಬುದು ಅವರ ಮಾತು. ದೀಪಾವಳಿ ಮುಗಿಯುತ್ತಲೇ ಇನ್ನೊಂದು ಶುರುವಾಯಿತು. ಗುರುವಾರ ಬಂತೆಂದರೆ ಮಧ್ಯಾಹ್ನದ ಊಟ ಮುಗಿಸಿ ಸವದತ್ತಿ ಬಸ್ಸು ಹತ್ತುವರು. ಅಲ್ಲಿಯ ಗುಡ್ಡದ ಎಲ್ಲವ್ವನ ಭಕ್ತಿ ಇದ್ದಕ್ಕಿದ್ದಂತೆ ಉಕ್ಕಿತೇ ಎಂದು ಕೇಳಿದೆ.

“ಗುಡ್ಡಕ್ಕಲ್ಲ. ಮೀಟಿಂಗಿಗೆ,” ಎಂದರು. “ಕುಡಿಯೂದು ಬಿಟ್ಟವರು ಕೂಡತೇವಿ.”

“ಕೂಡಿ ಏನ್ ಮಾಡತೀರಿ?”

“ಚಾ ಕುಡೀತೇವಿ. ಮಾತಾಡತೇವಿ.”

“ಚಾ ಕುಡ್ಯಾಕ ಸವದತ್ತಿತನಕ ಹೋಗಬೇಕೇನು? ನಮ್ಮೂರಾಗ ಇಲ್ಲೇನು ಮೀಟಿಂಗು?”

“ಐತಿ. ಅದಕ್ಕ ಸವದತ್ತಿ ಮಂದಿ ಬರತಾರ.”

ಕೇಳಿ ನನಗೆ ತಲೆ ತಿರುಗಿತು. ನಮ್ಮ ಸೀಮೆಯಲ್ಲಿ ಯಾರೂ ತಮ್ಮೂರಿನ ಮೀಟಿಂಗಿಗೆ ಹೋಗುವುದಿಲ್ಲವಂತೆ. ಹೋದರೆ ಬೀಗರು ನೋಡುತ್ತಾರೆ, ಗಿರಾಕಿಗಳು ನೋಡುತ್ತಾರೆ. ಕುಡಿದು ಗಟಾರದಲ್ಲಿ ಬಿದ್ದಾಗ ಊರೆಲ್ಲ ನೋಡಿರುತ್ತದೆ, ಅದಕ್ಕೆ ನಾಚಿಕೆಯಿಲ್ಲ. ಬಿಡುವುದನ್ನು ಯಾರೂ ನೋಡಬಾರದು! ಹಾಗಾಗಿ ಬೈಲಹೊಂಗಲದವರು ಸವದತ್ತಿಗೆ, ಸವದತ್ತಿಯವರು ಬೈಲಹೊಂಗಲಕ್ಕೆ. ರಾಮದುರ್ಗದವರೂ ಸವದತ್ತಿಗೇ. ಕಿತ್ತೂರಿನವರು ನಮ್ಮೂರಿಗೆ.

“ಬಸ್ ಸ್ಟ್ಯಾಂಡಿನ್ಯಾಗ ಎದುರಾಬದರಾ ಸಿಕ್ಕರ?” ಎಂದೆ.

“ಇಬ್ಬರೂ ಬಸ್ಸಿನ ಬೋರ್ಡ್ ಓದಕೋತ ನಿಲ್ಲತೇವಿ.”

ಇದನ್ನು ನಂಬುವುದು ಹೇಗೆ? ಗುರುವಾರ ಸಂಜೆ ಅವರು ಹೊಸ್ತಿಲ ಬಳಿ ಬರುತ್ತಿದ್ದಂತೆ ನಿಲ್ಲಿಸಿ ‘ಹಾ ಅನ್ರಿ’ ಎನ್ನುತ್ತಿದ್ದೆ. ಅವರು ಹಾ ಅನ್ನುತ್ತಿದ್ದರು. ನಾನು ಮೂಸುತ್ತಿದ್ದೆ. ಚಹಾದ ವಾಸನೆಯೇ ಬರುತ್ತಿತ್ತು. ಆದರೂ ಸಮಾಧಾನವಿಲ್ಲ. ಬಾಯಿಯ ವಾಸನೆ ಮುಚ್ಚುವ ವಿದ್ಯೆಯಲ್ಲಿ ಅವರು ಎಂದೋ ಪಾಸಾದವರು.

ಇಂಥ ಹೊತ್ತಿನಲ್ಲಿ ಕಾಶಿ, ನೇಪಾಳ ಯಾತ್ರೆಯ ಬಸ್ಸು ಹೊರಟಿತು. ಅಡುಗೆಯವರು, ಒಲೆ, ಜೋಳದ ಹಿಟ್ಟಿನ ಚೀಲ, ಶೇಂಗಾ ಚಟ್ನಿ ಎಲ್ಲವನ್ನೂ ಹೇರಿಕೊಂಡೇ ಪರದೇಶಕ್ಕೆ ಹೋಗುವ ಬಸ್ಸು ಅದು. ಪಶುಪತಿನಾಥನನ್ನು ನೋಡಬೇಕೆಂಬುದು ನನ್ನ ಹಳೆಯ ಆಸೆ. ಅವರನ್ನು ಮನೆಯಲ್ಲಿ ಒಬ್ಬರೇ ಬಿಡುವ ಧೈರ್ಯ ಇರಲಿಲ್ಲ. ಕರೆದುಕೊಂಡೇ ಹೊರಟೆ. ಆದರೆ ಮುನವಳ್ಳಿಯಲ್ಲಿರುವ ನಮ್ಮ ಅಣ್ಣನ ಕಿವಿಯಲ್ಲಿ ಒಂದು ಮಾತು ಹಾಕಿದ್ದೆ. ಗಂಡನಿಗೂ ಹೇಳಿದ್ದೆ. ದಾರಿಯಲ್ಲಿ ಒಂದು ಹನಿ ಬಾಯಿಗೆ ಬಿದ್ದರೂ ನಾನು ತಿರುಗಿ ಬೈಲಹೊಂಗಲದ ಮನೆಗೆ ಬರುವವಳಲ್ಲ, ಉಳಿದ ಆಯುಷ್ಯ ಅಣ್ಣನ ಮನೆಯಲ್ಲೇ ಎಂದು.

ಬಸ್ಸಿನ ಚಾಲಕರು ರಾಮದುರ್ಗದ ಇಮಾಮಸಾಬ. ಇದು ನಾನಿಟ್ಟ ಹೆಸರು. ನಿಜವಾದದ್ದು ಬೇರೆ, ಯಾಕೆಂಬುದು ಮುಂದೆ ತಿಳಿಯುತ್ತದೆ. ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ಹೆಂಗಸರಿಗೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುವರು. ನಮ್ಮ ಸಾಮಾನು ಬಸ್ಸಿಗೆ ಏರಿಸುವಾಗಲೇ ನನಗೆ ಮೊದಲ ಸಂಶಯ ಬಂತು. ನಮ್ಮ ಕಡೆ ಪರಿಚಯವಿಲ್ಲದ ಇಬ್ಬರು ಗಂಡಸರು ಎದುರಾದರೆ ಮೊದಲು ಬರುವ ಮಾತು ‘ಯಾವೂರ್ರಿ?’ ಎಂಬುದು. ಆಮೇಲೆ ಯಾರ ಪೈಕಿ, ಯಾವ ಓಣಿ. ಇವರಿಬ್ಬರೂ ಊರು ಕೇಳಲಿಲ್ಲ. ನಮ್ಮ ಮನೆಯವರು ಬಸ್ಸಿನ ಹೆಸರು ಓದುತ್ತ ನಿಂತರು. ಇಮಾಮಸಾಬ ಟೈರು ನೋಡುತ್ತ ನಿಂತರು. ನಿಜವಾಗಿ ಪರಿಚಯವಿಲ್ಲದವರು ಇಷ್ಟು ಪರಿಚಯವಿಲ್ಲದವರಂತೆ ಇರುವುದಿಲ್ಲ.

ಸುನೌಲಿ ಗಡಿ

ಪರದೇಶವೆಂದರೆ ವಿಮಾನ, ಪಾಸ್‌ಪೋರ್ಟು ಎಂದುಕೊಂಡಿದ್ದೆ. ಸುನೌಲಿಯಲ್ಲಿ ಒಂದು ಕಮಾನು ಇದೆ. ಅದರ ಕೆಳಗೆ ಸೈಕಲ್ ರಿಕ್ಷಾ, ಆಕಳು, ಟೊಮೆಟೊ ಬುಟ್ಟಿ ಹೊತ್ತವರು ಎಲ್ಲ ಆಚೀಚೆ ಹೋಗುತ್ತಿದ್ದರು. ಆಕಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಮ್ಮನ್ನು ಮಾತ್ರ ಇಳಿಸಿ, ಗುರುತಿನ ಚೀಟಿ ನೋಡಿ, ಜೋಳದ ಹಿಟ್ಟಿನ ಚೀಲವನ್ನು ಕೋಲಿನಿಂದ ಚುಚ್ಚಿ ಇದೇನೆಂದು ಕೇಳಿದರು. ರೊಟ್ಟಿ ಎಂದರೆ ತಿಳಿಯಲಿಲ್ಲ. ಕೊನೆಗೆ ಅಡುಗೆಯ ಶಿವಲಿಂಗವ್ವ ಕೈಯಿಂದ ಪಟಪಟ ಬಡಿದು ತೋರಿಸಿದಳು. ಅಧಿಕಾರಿ ನಕ್ಕು ಬಿಟ್ಟುಕೊಟ್ಟ.

ಗಡಿ ದಾಟಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಚಹಾಪುಡಿ ಕೊಳ್ಳೋಣವೆಂದು ಒಂದು ಕಿರಾಣಿ ಅಂಗಡಿಗೆ ಹೋದೆ. ಬಿಸ್ಕೀಟು, ಸಾಬೂನು, ಮಕ್ಕಳ ಪೆನ್ಸಿಲು, ಅವುಗಳ ನಡುವೆ ಸಾಲಾಗಿ ಸಾರಾಯಿ ಬಾಟಲಿ! ಪಕ್ಕದ ಅಂಗಡಿಯಲ್ಲೂ ಹಾಗೆಯೇ. ಅದರ ಪಕ್ಕದಲ್ಲಿ ಒಬ್ಬ ಅಜ್ಜಿ ಕೊತ್ತಂಬರಿ ಮಾರುತ್ತಿದ್ದಳು, ಆಕೆಯ ಬೆನ್ನ ಹಿಂದೆಯೂ ಬಾಟಲಿ. ನಮ್ಮಲ್ಲಾದರೆ ಆ ಅಂಗಡಿಗೆ ಜಾಳಿಗೆ ಇರುತ್ತದೆ, ಹೋಗುವವನು ತಲೆ ತಗ್ಗಿಸಿ ಹೋಗುತ್ತಾನೆ, ಹೆಂಡತಿಗೆ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ. ಇಲ್ಲಿ ಗಂಡ ಬೆಂಕಿಪೆಟ್ಟಿಗೆ ತರುತ್ತೇನೆಂದು ಹೋದರೂ ಕಾವಲು ಕಾಯಬೇಕು. ಎಂಥ ದೇಶಕ್ಕೆ ಬಂದೆನಪ್ಪಾ ಎಂದುಕೊಂಡೆ.

ತಿರುಗಿ ನೋಡಿದರೆ ಇವರು ಬಸ್ಸಿನ ಹಿಂದೆ ಇಮಾಮಸಾಬರ ಜೊತೆ ನಿಂತು ಫೋನು ತೋರಿಸುತ್ತ ಪಿಸುಗುಡುತ್ತಿದ್ದರು. ನಾನು ಹತ್ತಿರ ಹೋದ ಕೂಡಲೇ ಒಬ್ಬರು ಟೈರು ನೋಡಿದರು, ಇನ್ನೊಬ್ಬರು ಆಕಾಶ ನೋಡಿದರು.

ಕಠ್ಮಂಡು

ಪಶುಪತಿನಾಥನ ದರ್ಶನ ಚೆನ್ನಾಗಿಯೇ ಆಯಿತು. ಅಲ್ಲಿಯ ಮಂಗಗಳು ನಮ್ಮ ಸಿರಸಂಗಿಯ ಗುಡಿಯ ಕಡೆಯ ಮಂಗಗಳಿಗಿಂತ ಸಭ್ಯ. ಕಸಿದುಕೊಳ್ಳುವ ಮೊದಲು ಸ್ವಲ್ಪ ಹೊತ್ತು ಮುಖ ನೋಡುತ್ತವೆ. ಗುಡಿಯ ಮೆಟ್ಟಿಲ ಮೇಲೆ ಕುಳಿತು ಬಾಗಮತಿ ನದಿಯ ದಂಡೆಯ ಚಿತೆಗಳನ್ನು ನೋಡುವಾಗ ನಮ್ಮ ಮನೆಯವರು ನನ್ನ ಪಕ್ಕದಲ್ಲೇ ಇದ್ದರು. ಆ ಸಂಜೆ ಹೋಟೆಲಿಗೆ ಬಂದು ನಾನು ಸೀರೆ ಬದಲಿಸುವಷ್ಟರಲ್ಲಿ ಮಾಯ.

ಊಟದ ಹೊತ್ತಿಗೆ ಬಂದರು. ಹಾ ಅನ್ನಿಸಿದೆ. ಏಲಕ್ಕಿ ವಾಸನೆ.

ಏಲಕ್ಕಿ ಎಂದರೆ ನಮ್ಮ ಮನೆಯಲ್ಲಿ ಪಾಯಸಕ್ಕೆ ಹಾಕುವ ವಸ್ತುವಲ್ಲ, ವಾಸನೆ ಮುಚ್ಚುವ ಮುಚ್ಚಳ.

“ಎಲ್ಲಿಗೆ ಹೋಗಿದ್ರಿ?”

“ಮೀಟಿಂಗ್ ಹುಡುಕಾಕ.”

“ಪರದೇಶದಾಗ ನಿಮಗ ಎಂಥಾ ಮೀಟಿಂಗ್?”

“ಕುಡಿಯಾವ್ರು ಎಲ್ಲಾ ದೇಶದಾಗ ಅದಾರ. ಬಿಟ್ಟವರೂ ಇರತಾರ. ಇವತ್ತ ಗುರುವಾರ ಐತಿ.”

“ಸಿಕ್ಕತೇನು?”

“ಇಲ್ಲ. ಅಡ್ರೆಸ್ ಬದಲಾಗೈತಂತ.”

“ಏಲಕ್ಕಿ ಎಲ್ಲಿ ಸಿಕ್ಕತು?”

“ಚಾದಾಗ ಹಾಕಿದ್ರು.”

ಉತ್ತರಗಳೆಲ್ಲ ಸರಿಯಾಗಿಯೇ ಇದ್ದವು. ಕಾಪಿ ಹೊಡೆದ ಉತ್ತರಪತ್ರಿಕೆಯೂ ಹೀಗೆಯೇ ಸರಿಯಾಗಿರುತ್ತದೆ.

ಮರುದಿನ ಸಂಜೆ ಅವರು ಮೆಲ್ಲಗೆ ಎದ್ದಾಗ ನಾನೂ ಎದ್ದೆ. ಕಾಯಿಪಲ್ಲೆ ಗಾಡಿಗಳ ಮರೆಯಲ್ಲಿ ಹಿಂದೆ ಹಿಂದೆ ಹೋದೆ. ಓಣಿಯ ತುದಿಯಲ್ಲಿ ಇಮಾಮಸಾಬ ಕಾಯುತ್ತಿದ್ದರು. ಇಬ್ಬರೂ ಒಂದು ಇಕ್ಕಟ್ಟಾದ ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹತ್ತಿ ಬಾಗಿಲ ಸಂದಿಯಿಂದ ನೋಡಿದೆ. ಕೋಣೆಯ ತುಂಬ ಹುಡುಗ ಹುಡುಗಿಯರು ಕುಳಿತಿದ್ದರು. ಒಬ್ಬೊಬ್ಬರೇ ಎದ್ದು ನಿಂತು, ತಲೆ ಬಾಗಿಸಿ, ತಮ್ಮ ಹೆಸರು ಹೇಳಿ ಕುಳಿತುಕೊಳ್ಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಮ್ಮವರಿಬ್ಬರೂ ಕೈಕಟ್ಟಿ, ಭಕ್ತಿಯಿಂದ ಕುಳಿತಿದ್ದರು. ಇಮಾಮಸಾಬರ ಸರದಿ ಬಂತು. ಅವರೂ ಎದ್ದು ಹೆಸರು ಹೇಳಿ, ಹಿಂದಿಯಲ್ಲಿ, ಕುಡಿತ ಬಿಟ್ಟು ಭಾಳ ವರ್ಷವಾಯಿತು ಎಂದರು. ಪಾಠ ಹೇಳುತ್ತಿದ್ದ ಹುಡುಗಿ ಹಲಗೆಯ ಮೇಲೆ ಬರೆಯುವ ಖಡು ಕೈಯಲ್ಲಿ ಹಿಡಿದು ಹಾಗೆಯೇ ನಿಂತಳು.

ಅದು ಜಪಾನಿ ಭಾಷೆ ಕಲಿಸುವ ಕ್ಲಾಸು. ಜಪಾನಿಗೆ ಕೆಲಸಕ್ಕೆ ಹೋಗುವ ಮಕ್ಕಳು ಪರಿಚಯ ಹೇಳಿಕೊಳ್ಳುವ ಪಾಠ ಕಲಿಯುತ್ತಿದ್ದರು. ಎಲ್ಲರೂ ಎದ್ದು ಹೆಸರು ಹೇಳುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ, ಕುಡಿತ ಬಿಟ್ಟವರ ಮೀಟಿಂಗಿನ ರೀತಿಯೂ ಅದೇ ಅಂತೆ. ಇಬ್ಬರೂ ಅರ್ಧ ತಾಸು ಜಪಾನಿ ಕೇಳಿಸಿಕೊಂಡು, ಇದು ನೇಪಾಳಿ ಇರಬೇಕೆಂದು ಕುಳಿತಿದ್ದರು.

ಕೆಳಗಿಳಿದು ಬಂದವರನ್ನು ಮೆಟ್ಟಿಲ ಬುಡದಲ್ಲೇ ಹಿಡಿದೆ. ನನಗೆ ನಗು ಬರಬೇಕಿತ್ತು. ಬರಲಿಲ್ಲ.

“ಇಮಾಮಸಾಬರ, ನೀವೂ ಕುಡೀತಿದ್ರಿ? ನಮ್ಮೆಲ್ಲರ ಜೀವ ನಿಮ್ಮ ಕೈಯಾಗ ಐತಿ.”

“ಕುಡೀತಿದ್ದೆ ವೈನಿ. ಆಗ ಗಾಡಿ ಲೈಸೆನ್ಸೂ ಹೋಗಿತ್ತು, ಹೇಣ್ತಿ ಮಕ್ಕಳೂ ಹೋಗಿದ್ರು. ಸವದತ್ತಿ ಮೀಟಿಂಗಿಗೆ ಹೋಗಾಕ ಹತ್ತಿದ ಮ್ಯಾಲೆ ಎರಡೂ ತಿರುಗಿ ಬಂದ್ವು. ನಿಮ್ಮ ಮನಿಯವರನ್ನ ಅಲ್ಲೇ ನೋಡೀನಿ. ಹೊರಗ ಗುರುತು ಹಿಡಿಯಬಾರದು ಅನ್ನೂದು ನಮ್ಮ ರಿವಾಜು. ಅದಕ್ಕ ಸುಮ್ಮನಿದ್ದೆ.”

ಇದು ಸತ್ಯವಿರಬಹುದು, ಇಬ್ಬರೂ ಕೂಡಿ ಕಟ್ಟಿದ ಕತೆಯೂ ಇರಬಹುದು. ಯಾವುದೆಂದು ಗೊತ್ತಾಗಲಿಲ್ಲ. ಗೊತ್ತಾಗದೆ ಹೋಟೆಲಿನವರೆಗೆ ನಡೆಯುವಾಗ ನನಗೆ ನನ್ನ ಮೇಲೆಯೇ ಬೇಸರ ಬಂತು. ಪಶುಪತಿನಾಥನ ಊರಿನಲ್ಲಿ ಕಾಯಿಪಲ್ಲೆ ಗಾಡಿಯ ಹಿಂದೆ ಅಡಗಿಕೊಂಡು ನಿಂತಿದ್ದೆನಲ್ಲ! ಇವರು ಕುಡಿದರೂ ನಾನು ಕಾವಲು, ಬಿಟ್ಟರೂ ಕಾವಲು. ಇದು ಎಂಥ ಬಾಳು? ಕೋಣೆಗೆ ಬಂದು ಅಣ್ಣನಿಗೆ ಫೋನು ಹಚ್ಚಿದೆ. ಅವರೆದುರಿಗೇ ಹೇಳಿದೆ.

“ಅಣ್ಣಾ, ಹಿತ್ತಲ ಕಡೀ ಖೋಲಿ ತೆರವು ಮಾಡಸು. ನಾ ಬಂದ ಇರತೇನಿ.”

ಇವರು ಹಾಸಿಗೆಯ ಅಂಚಿನಲ್ಲಿ ಕುಳಿತು ಕೇಳಿಸಿಕೊಂಡರು. “ನಾ ಕುಡದಿಲ್ಲ,” ಎಂದರು.

“ಇರಬಹುದು. ನನಗ ಮೂಸಿ ಮೂಸಿ ಸಾಕಾಗೈತಿ,” ಎಂದೆ.

ಅವರು ದೀಪ ಆರಿಸಿ ಗೋಡೆಯ ಕಡೆ ತಿರುಗಿ ಮಲಗಿದರು.

ಭಕ್ತಪುರ

ಭಕ್ತಪುರ ಹಳೆಯ ಊರು. ಕೆಂಪು ಇಟ್ಟಿಗೆ, ಕೆತ್ತಿದ ಕಿಟಕಿ. ಆ ಊರಿನ ಮೊಸರಿಗೆ ದೇಶದಲ್ಲೆಲ್ಲ ಹೆಸರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುತ್ತಾರೆ, ಕವುಚಿದರೂ ಬೀಳುವುದಿಲ್ಲ. ನಮ್ಮ ಬಸ್ಸಿನವರು ರುದ್ರಾಕ್ಷಿಯ ಚೌಕಾಶಿಗೆ ನಿಂತಾಗ ನಾನು ಓಣಿಯೊಳಗೆ ನಡೆದೆ. ಇವರು ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದರು. ಫೋನು ಮಾಡಿದಂದಿನಿಂದ ನಮ್ಮ ನಡುವೆ ಮಾತು ಊಟ, ಔಷಧದ ಮಟ್ಟಿಗೆ ಇಳಿದಿತ್ತು.

ಚಳಿಗಾಲ ಮುಗಿಯುವ ಹೊತ್ತು, ಬಿಸಿಲು ಚುರುಕಾಗಿತ್ತು. ಒಂದು ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕುಳಿತಿದ್ದಳು. ಕರಿ ಸೀರೆ, ಕೆಂಪು ಅಂಚು. ನಾನು ನಿಂತುಬಿಟ್ಟೆ. ನಮ್ಮ ಚಚಡಿ ಊರಿನ ಸೋದರತ್ತೆ ಸಾಯುವವರೆಗೆ ಉಟ್ಟದ್ದು ಇಂಥದೇ ಚಂದ್ರಕಾಳಿ ಸೀರೆ. ಒಳಗೆ ಏನೋ ಕಾರ್ಯ ನಡೆದಿತ್ತು, ಜನ ಸಾಲಾಗಿ ಕುಳಿತು ಉಣ್ಣುತ್ತಿದ್ದರು. ಮುದುಕಿ ನನ್ನನ್ನು ನೋಡಿ ಕೈಬೀಸಿ ಕರೆದಳು. ಪಕ್ಕದಲ್ಲಿ ಕೂರಿಸಿಕೊಂಡು ಎಲೆಯ ಮೇಲೆ ಅವಲಕ್ಕಿ, ಹುರಿದ ಕಾಳು ಇಟ್ಟಳು. ಅವಲಕ್ಕಿ! ಪರದೇಶದಲ್ಲಿ! ಆಮೇಲೆ ದೊಡ್ಡ ಮಣ್ಣಿನ ಕೊಡದಿಂದ ಹಿತ್ತಾಳೆ ಬಟ್ಟಲಿಗೆ ಬೆಳ್ಳಗಿನದೊಂದನ್ನು ಸುರಿದು ಕೊಟ್ಟಳು.

ಮೊಸರಿಗೆ ಹೆಸರಾದ ಊರು. ಚಂದ್ರಕಾಳಿ ಉಟ್ಟ ಅಜ್ಜಿ. ಅವಲಕ್ಕಿಯ ಜೊತೆ ಬೆಳ್ಳಗಿನ, ಹುಳಿ ಹುಳಿ, ತಂಪಾದ ಬಟ್ಟಲು. ಬೈಲಹೊಂಗಲದಲ್ಲಿ ಹುಟ್ಟಿದ ಯಾರಾದರೂ ಅದನ್ನು ಏನೆಂದು ತಿಳಿದಾರು? ಸ್ವಲ್ಪ ಹಳಸಿದ ಮಜ್ಜಿಗೆ ಎಂದುಕೊಂಡೆ. ಉಪ್ಪು, ಕರಿಬೇವು ಇಲ್ಲ, ಅಷ್ಟೇ ಕೊರತೆ. ಗಟಗಟ ಕುಡಿದೆ. ಅಜ್ಜಿ ಇನ್ನೊಂದು ಸುರಿದಳು. ಅದನ್ನೂ ಕುಡಿದೆ. ಪೂರ್ತಿ ಯಾತ್ರೆಯಲ್ಲಿ ಮೂಸದೆ, ತಿರುವಿ ನೋಡದೆ ನಾನು ಬಾಯಿಗೆ ಹಾಕಿಕೊಂಡದ್ದು ಅದೊಂದನ್ನೇ.

ಇವರು ದೂರದಲ್ಲಿ ಕಲ್ಲಿನ ಸಿಂಹ ನೋಡುತ್ತ ನಿಂತಿದ್ದರು. ಸಿಟ್ಟಿದ್ದರೇನು, ಬಿಸಿಲಲ್ಲಿ ನಿಂತವರಿಗೆ ಮಜ್ಜಿಗೆ ಕೊಡದಷ್ಟು ಕೆಟ್ಟವಳಲ್ಲ ನಾನು.

“ಬರ್ರಿ ಇಲ್ಲೆ. ಮಜ್ಜಿಗಿ ಐತಿ,” ಎಂದು ಕರೆದು, ಅಜ್ಜಿ ಮತ್ತೆ ತುಂಬಿದ ಬಟ್ಟಲನ್ನು ನನ್ನ ಕೈಯಾರೆ ಕೊಟ್ಟೆ.

ಅವರು ತೆಗೆದುಕೊಂಡರು. ಬಾಯಿಯವರೆಗೆ ಒಯ್ದು ಹಾಗೆಯೇ ಹಿಡಿದರು. ಕುಡಿಯಲೂ ಇಲ್ಲ, ಇಳಿಸಲೂ ಇಲ್ಲ. ಅಷ್ಟರಲ್ಲಿ ಓಣಿಯಲ್ಲಿ ಒಂದು ಆಡು ಬಂತು. ಯಾರೋ ಅದಕ್ಕೆ ಹಳೆಯ ಸ್ವೆಟರು ತೊಡಿಸಿದ್ದರು, ತೋಳಿನಿಂದ ಮುಂಗಾಲು ಹೊರಗೆ ಬಂದಿದ್ದವು. ಗಡ್ಡ, ಸ್ವೆಟರು, ಗತ್ತಿನ ನಡಿಗೆ. ನಮ್ಮ ಶಾಲೆಯ ಹಳೆಯ ಹೆಡ್ಮಾಸ್ತರರೇ ಸರಿ! ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಅಜ್ಜಿಗೆ ಕೈ ಮಾಡಿ ತೋರಿಸಿದೆ. ಅವಳಿಗೆ ಏನು ತಿಳಿಯಿತೋ, ನನ್ನ ಕೈಗೆ ಕೈ ಹೊಡೆದು ಅವಳೂ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಣ್ಣು ಒರೆಸಿಕೊಂಡು ನೋಡಿದಾಗ ಇವರು ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟಿದ್ದರು. ತುಂಬಿದ ಬಟ್ಟಲು ಹಾಗೆಯೇ ಇತ್ತು.

“ಇದು ಮಜ್ಜಿಗಿ ಅಲ್ಲ,” ಎಂದರು.

“ಹುಳಿ ಆಗೈತಿ ಅಷ್ಟ. ಕುಡೀರಿ.”

“ಅಕ್ಕೀಲೆ ಮಾಡಿದ ಹೆಂಡ ಐತಿ ಇದು. ಈ ವಿಷಯದಾಗ ನನಗಿಂತ ತಿಳದವರು ನಿನಗ ಸಿಗಂಗಿಲ್ಲ.”

ನಾನು ವಾದಿಸಲು ಎದ್ದೆ. ಓಣಿ ಎಡಕ್ಕೆ ವಾಲಿತು.

ಅವರು ನನ್ನ ತೋಳು ಹಿಡಿದರು. ಅವರ ಮುಖ ಬಿಳಿಚಿಕೊಂಡಿತ್ತು. ಅಜ್ಜಿಗೆ ಕೈಮುಗಿದು ನನ್ನನ್ನು ನಡೆಸಿಕೊಂಡು ಬಸ್ಸಿನವರೆಗೆ ಬಂದರು. ಇಮಾಮಸಾಬರನ್ನು ನೋಡಿ ಎಲ್ಲರೆದುರಿಗೇ ಹೇಳಿದರು.

“ನನಗ ಮೀಟಿಂಗ್ ಬೇಕು. ಇವತ್ತ ಬೇಕು. ಇಲ್ಲಂದ್ರ ನಾ ಆ ಕಟ್ಟಿಗೆ ತಿರುಗಿ ಹೋಗತೇನಿ.”

ಇಷ್ಟು ವರ್ಷದಲ್ಲಿ ಅವರ ಬಾಯಿಂದ ಅಂಥ ಮಾತನ್ನು ನಾನು ಕೇಳಿರಲಿಲ್ಲ. ಹೋಗುವುದಿದ್ದರೆ ಹೇಳದೆ ಹೋಗುತ್ತಿದ್ದರು. ಇಮಾಮಸಾಬ ಒಂದರ ಮೇಲೊಂದು ಫೋನು ಮಾಡಿದರು, ಸವದತ್ತಿಗೆ, ಅಲ್ಲಿಂದ ಬೆಳಗಾವಿಯ ಯಾರಿಗೋ, ಅವರಿಂದ ಕಠ್ಮಂಡುವಿನ ಯಾರಿಗೋ. ಕೊನೆಗೆ ಪಾಟನ್ ಎಂಬಲ್ಲಿ ಸಂಜೆಗೆ ಮುಂಚೆ ಒಂದು ಮೀಟಿಂಗ್ ಇದೆ ಎಂದು ತಿಳಿಯಿತು. ಟ್ಯಾಕ್ಸಿ ಹಿಡಿದು ಕೊಟ್ಟು, ತಾವು ಬಸ್ಸು ಬಿಟ್ಟು ಬರುವಂತಿಲ್ಲ ಎಂದರು.

“ನಾನೂ ಬರತೇನಿ,” ಎಂದೆ. ನಿಜವಾಗಿ ಮೀಟಿಂಗಿಗೇ ಹೋಗುತ್ತಾರೋ ಇಲ್ಲವೋ, ಯಾರು ಕಂಡರು?

ಪಾಟನ್

ಶಾಲೆಯೊಂದರ ಹಿಂಬದಿಯ ಕೋಣೆ. ಹೊರಗೆ ನಾಲ್ಕೈದು ಗಂಡಸರು ಸಿಗರೇಟು ಸೇದುತ್ತ ನಿಂತಿದ್ದರು. ನೋಡಿದ ಕೂಡಲೇ ನನಗೆ ಇದು ಕುಡುಕರ ಅಡ್ಡೆಯೇ ಎನಿಸಿತು. ಒಳಗೆ ಹೋದರೆ ಬೆಂಚು, ಕುರ್ಚಿ, ಮೂಲೆಯಲ್ಲಿ ದೊಡ್ಡ ಕಿಟ್ಲಿಯಲ್ಲಿ ಚಹಾ. ಮೂಸಿದೆ. ಏಲಕ್ಕಿಯ ವಾಸನೆ ಘಮ್ಮೆಂದಿತು. ಇಲ್ಲಿಯವರ ಚಹಾದಲ್ಲಿ ಏಲಕ್ಕಿ ಹಾಕುವುದು ಸುಳ್ಳಲ್ಲ, ಅಷ್ಟು ಒಪ್ಪಿಕೊಂಡೆ.

ನನ್ನದೇ ವಯಸ್ಸಿನ, ಒಳ್ಳೆಯ ಶಾಲು ಹೊದ್ದ ನೇಪಾಳಿ ಹೆಂಗಸೊಬ್ಬಳು ಎದ್ದು ಬಂದು ನನ್ನ ಎರಡೂ ಕೈ ಹಿಡಿದಳು. ನನ್ನ ಉಸಿರು ಅವಳಿಗೆ ತಾಗಿರಬೇಕು. ಅವಳ ಕಣ್ಣು ಕರುಣೆಯಿಂದ ತುಂಬಿತು. ಮುಂದಿನ ಸಾಲಿನಲ್ಲಿ, ಹೊಸಬರಿಗೆಂದು ಇಟ್ಟ ಕುರ್ಚಿಯಲ್ಲಿ ಕೂರಿಸಿ, ಬಿಸಿ ಚಹಾ ಕೈಗಿಟ್ಟಳು. ನಮ್ಮ ಮನೆಯವರಿಗೆ ಹಿಂದಿನ ಬೆಂಚು ತೋರಿಸಿ, ಹೆಂಡತಿಯನ್ನು ಕರೆತಂದದ್ದಕ್ಕೆ ಬೆನ್ನು ತಟ್ಟಿದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನನ್ನ ಶಾಲೆಯ ಹಿಂದಿಯಲ್ಲಿ, ನಾನಲ್ಲ, ನನ್ನ ಗಂಡ, ನಾನು ಕುಡಿದದ್ದು ಮಜ್ಜಿಗೆ ಎಂದೆ. ಅವಳು ನನ್ನ ತಲೆ ಸವರಿ, ಮೊದಲ ದಿನ ಎಲ್ಲರೂ ಹೀಗೇ ಹೇಳುತ್ತಾರೆ ತಂಗಿ, ಅಂಜಬೇಡ ಎಂದಳು. ನಾನು ಹೆಚ್ಚು ಹೆಚ್ಚು ಹೇಳಿದಷ್ಟೂ ಅಲ್ಲಿದ್ದವರೆಲ್ಲ ತಿಳಿದವರಂತೆ ತಲೆಯಾಡಿಸಿದರು. ಸಂಶಯ ಪಡುವುದು ಗೊತ್ತಿತ್ತು ನನಗೆ. ಸಂಶಯಕ್ಕೆ ಸಿಕ್ಕವರ ಗತಿ ಗೊತ್ತಿರಲಿಲ್ಲ. ನಿಜ ಹೇಳುತ್ತಿದ್ದೇನೆ, ಯಾರೂ ನಂಬುತ್ತಿಲ್ಲ.

ಅಲ್ಲಿ ಯಾರು ಏನು ಮಾತಾಡಿದರೆಂದು ಬರೆಯುವಂತಿಲ್ಲ. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು. ನಮ್ಮ ಮನೆಯವರ ಮಾತನ್ನು ಮಾತ್ರ ಅವರನ್ನು ಕೇಳಿ ಬರೆಯುತ್ತಿದ್ದೇನೆ. “ನಂದು ಬರಿ, ಮಂದೀದು ಬರೀಬ್ಯಾಡ,” ಎಂದಿದ್ದಾರೆ.

ಅವರ ಸರದಿ ಬಂದಾಗ, ಬೇಕಾದರೆ ನಿಮ್ಮ ಭಾಷೆಯಲ್ಲೇ ಹೇಳಿ ಎಂದರು ಮೀಟಿಂಗ್ ನಡೆಸುತ್ತಿದ್ದವರು. ನಮ್ಮ ಮನೆಯವರಿಗೆ ಅಡತಿ ವ್ಯವಹಾರದ ಹಿಂದಿ ಚೆನ್ನಾಗಿ ಬರುತ್ತದೆ. ಆದರೂ ಎದ್ದು ನಿಂತು ಕನ್ನಡದಲ್ಲಿ ಶುರು ಮಾಡಿದರು. ನನ್ನ ಕಡೆ ನೋಡಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತಿದ್ದರು.

“ನನ್ನ ಹೆಸರು ಗುರುಪಾದ. ನಾ ಕುಡುಕ. ಸವದತ್ತಿ ಮೀಟಿಂಗಿನ್ಯಾಗ ನಾ ಇವತ್ತಿನತನಕ ಬಾಯಿ ಬಿಟ್ಟಿಲ್ಲ. ಹೋಗತೇನಿ, ಕುಂದರತೇನಿ, ಚಾ ಕುಡದು ಬರತೇನಿ. ಬ್ಯಾರೆ ಊರಂದ್ರೂ ನಮ್ಮ ಅಂಗಡಿ ಗೊತ್ತಿದ್ದವರು ಇರತಾರ. ಇಲ್ಲಿ ಯಾರಿಗೂ ಏನೂ ತಿಳಿಯಂಗಿಲ್ಲ. ಅದಕ್ಕ ಹೇಳತೇನಿ.

“ಇವತ್ತ ನನ್ನ ಹೇಣ್ತಿ ತನ್ನ ಕೈಯಾರೆ ಕೊಟ್ಲು. ಮೂಗಿನ ಹತ್ರ ಬಂದ ಕೂಡ್ಲೆ ನನಗ ತಿಳೀತು. ಕೈ ಇಳೀಲಿಲ್ಲ. ಕುಡಿ, ತಪ್ಪು ನಿಂದಲ್ಲ ಅಂತು ಮನಸ್ಸು. ಕೊಟ್ಟಾಕಿದು ತಪ್ಪು. ಒಮ್ಮೆ ಕುಡದುಬಿಡು, ಆಮ್ಯಾಲೆ ಜನ್ಮದಾಗ ಆಕಿ ನಿನಗ ಒಂದ ಮಾತು ಅನ್ನಂಗಿಲ್ಲ ಅಂತು.

“ಧೈರ್ಯ ಇತ್ತು, ಇಳಸಿದೆ ಅಂತ ಹೇಳಂಗಿಲ್ಲ. ಮೊದಲ ಅನಿಸಿದ್ದು, ಇಬ್ಬರೂ ಕುಡದ್ರ ಬಸ್ ತನಕ ಕರಕೊಂಡ ಹೋಗಾವ್ರು ಯಾರು ಅಂತ. ಆಮ್ಯಾಲೆ ಆಕಿ ನಗಾಕ ಹತ್ತಿದ್ಲು. ಆ ಮುದುಕಿ ಕೂಡ ಕೈಗೆ ಕೈ ಹೊಡದು ನಗಾಕ ಹತ್ತಿದ್ಲು. ನಮ್ಮ ಮನ್ಯಾಗ ಆಕಿ ನಗೂದು ನಿಂತು ಎಷ್ಟ ವರ್ಷ ಆತೋ. ನಾನ ನಿಲ್ಲಸೀನಿ ಅದನ್ನ. ಕುಡದ್ರ ಅದು ನನಗ ನೆಟ್ಟಗ ಕಾಣಸೂದಿಲ್ಲ ಅನಿಸ್ತು. ನೋಡಬೇಕಾಗಿತ್ತು ನನಗ. ಅದಕ್ಕ ಇಳಸಿದೆ.

“ಆಕಿ ಮುನವಳ್ಳಿಗೆ ಹೋಗತೇನಿ ಅಂದಾಳ. ಹೋಗಬ್ಯಾಡ ಅನ್ನಾಕ ನನಗ ಬಾಯಿಲ್ಲ. ನಂಬು ಅಂತನೂ ಕೇಳಂಗಿಲ್ಲ. ಸಂಶಯ ಪಡಲಿ. ಮನ್ಯಾಗ ಇದ್ದು ಪಡಲಿ.”

ಕುಳಿತರು. ಒಂದು ಅಕ್ಷರವೂ ತಿಳಿಯದ ಜನ ಚಪ್ಪಾಳೆ ತಟ್ಟಿದರು. ಶಾಲಿನ ಹೆಂಗಸು ನನ್ನ ಕಡೆ ತಿರುಗಿ, ನಿನಗೆ ಏನಾದರೂ ಹೇಳುವುದಿದೆಯೇ ತಂಗಿ ಎಂದು ಕೇಳಿದಳು.

ನನಗೆ ಮಾತಾಡುವುದು ಹೊಸತಲ್ಲ. ಜೀವನವೆಲ್ಲ ಕೋಣೆಯ ಮುಂದೆ ನಿಂತು ಮಾತಾಡಿದವಳು. ಆದರೆ ಎದ್ದು ನಿಂತಾಗ ಕುರ್ಚಿ ಹಿಡಿದುಕೊಂಡೆ, ಅಜ್ಜಿಯ ಬಟ್ಟಲಿನ ಅಮಲಿಗಲ್ಲ. ಅವರ ಮೇಲೆ ನನಗೆ ಪ್ರೀತಿ ಉಕ್ಕಿ ಬಂದಿತ್ತು, ಅದರ ಜೊತೆಗೆ, ಇದೂ ಒಂದು ನಾಟಕವಿರಬಹುದೇ ಎಂಬ ಹಾಳು ಯೋಚನೆಯೂ ಬಂದಿತ್ತು. ಎರಡೂ ಒಟ್ಟಿಗೆ ಇದ್ದವು. ನಾನೂ ಕನ್ನಡದಲ್ಲೇ ಹೇಳಿದೆ.

“ನನ್ನ ಹೆಸರು ಶಾರದಾ. ನಾ ಕುಡುಕಿ ಅಲ್ಲ, ನೀವ್ಯಾರೂ ನಂಬವಲ್ರಿ. ಇರ್ಲಿ. ಈಗ ಮಾತಾಡಿದವರು ನನ್ನ ಗಂಡ. ಅವರ ಮ್ಯಾಲೆ ನನಗ ಪೂರಾ ನಂಬಿಕಿ ಬಂದಿಲ್ಲ. ಈಗ ಹೇಳಿದ್ದನ್ನೂ ನಾ ಪೂರಾ ನಂಬಿಲ್ಲ. ನಾಳಿಗೆ ಏನಾಗತೈತೋ ನನಗ ಗೊತ್ತಿಲ್ಲ. ಆದರ ಇಲ್ಲಿಂದ ಹೊರಗ ಬಿದ್ದ ಕೂಡ್ಲೆ ಅಣ್ಣಗ ಫೋನ್ ಮಾಡತೇನಿ, ಖೋಲಿ ಬ್ಯಾಡ ಅಂತ.”

ಕೋಣೆಯೆಲ್ಲ ಜೋರಾಗಿ ಚಪ್ಪಾಳೆ ತಟ್ಟಿತು. ಶಾಲಿನ ಹೆಂಗಸು ಕಣ್ಣೊರೆಸಿಕೊಂಡಳು, ನಾನು ಕುಡಿತ ಬಿಡುತ್ತೇನೆಂದು ಆಣೆ ಮಾಡಿದೆ ಎಂದು ತಿಳಿದಿರಬೇಕು. ನನ್ನ ಮಾತು ತಿಳಿದವರು ಅಲ್ಲಿ ಒಬ್ಬರೇ ಇದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಬೆಂಚಿನಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಳಿತಿದ್ದರು. ನಾನು ಹೊಸಬರ ಕುರ್ಚಿ ಬಿಟ್ಟು ಹೋಗಿ ಅವರ ಪಕ್ಕದಲ್ಲಿ ಕುಳಿತೆ.